ಅರ ಹಿಡಿಯುವ ಮುನ್ನ: ಒಂದು ಆರ್‌ಎಕ್ಸ್ 100ರ ಒಳಗಣ ಲೆಕ್ಕ

ಬನಹಟ್ಟಿಯ ಹುಡುಗನೊಬ್ಬನ ಗಾಡಿಯ ನಂಬರ್ ಪ್ಲೇಟಿನ ಮೇಲೆ ಇನ್ನೂ ವಿಜಯಪುರದ ಕೆಎ-28 ಇದೆ. ಬನಹಟ್ಟಿ ಇರುವ ಬಾಗಲಕೋಟೆ ವಿಜಯಪುರದಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತದ್ದು ಅದಕ್ಕೂ ಮೊದಲು, 1996ರಲ್ಲಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಇವತ್ತು ಓಡುವ ಅಸಲಿ ಆರ್‌ಎಕ್ಸ್ 100 ಯಾವುದೇ ಇರಲಿ, ಅದರ ವಯಸ್ಸು ಈ ಜಿಲ್ಲೆಗಿಂತ ಹೆಚ್ಚು. ಹುಡುಗ ಗಾಡಿಗಿಂತ ಚಿಕ್ಕವನು. ಕಬ್ಬಿನ ಬಿಲ್ಲು ಕೈಗೆ ಬಂದಾಗ ಗಾಡಿ ಕೊಂಡ. ಈಗ ಅದಕ್ಕೆ ಏನೇನು ಮಾಡಿಸಬೇಕೆಂಬ ಪಟ್ಟಿ ಅವನ ಮೊಬೈಲಿನಲ್ಲಿದೆ: ಚೇಂಬರ್ ಪೈಪ್, ಪೋರ್ಟಿಂಗ್, ಹೆಡ್ ಇಳಿಸುವುದು, ದೊಡ್ಡ ಕಾರ್ಬೊರೇಟರ್, ಫಿಲ್ಟರ್ ಡಬ್ಬಿ ಕಿತ್ತುಹಾಕುವುದು.

“ಕಾಕಾ, ಇಷ್ಟ ಮಾಡಿದ್ರ ನೂರಾ ಇಪ್ಪತ್ತು ಹೋಗತೈತಲ್ರೀ?” ಎಂದು ಅವನು ಮಿಸ್ತ್ರಿಯನ್ನು ಕೇಳಿದ. ಮಿಸ್ತ್ರಿ ಕೈಯಲ್ಲಿದ್ದ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡುತ್ತಲೇ, “ಮೊದಲ ಇದ್ದದ್ದು ಇದ್ದಂಗ ಓಡಲಿ ತಮ್ಮಾ. ಆಮ್ಯಾಲ ಓಡಸೂದು ನೋಡೂಣು” ಎಂದರು. ಆ ಮಾತಿನ ಹಿಂದೆ ಎಷ್ಟು ವಿಜ್ಞಾನವಿದೆ ಎಂಬುದನ್ನು ಬಿಡಿಸಿ ಹೇಳುವುದೇ ಈ ಬರಹದ ಕೆಲಸ.

ಇದು ಟು-ಸ್ಟ್ರೋಕ್ ಎಂಜಿನ್ನು. ಇಲ್ಲಿ ಫೋರ್-ಸ್ಟ್ರೋಕಿನಂತೆ ಹೆಡ್ಡಿನಲ್ಲಿ ವಾಲ್ವ್‌ಗಳಿಲ್ಲ, ಕ್ಯಾಮ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೆಲವು ಕಿಂಡಿಗಳಿವೆ. ಪಿಸ್ಟನ್ ಮೇಲೆ ಕೆಳಗೆ ಹೋಗುತ್ತ ತಾನೇ ಅವನ್ನು ತೆರೆಯುತ್ತದೆ, ಮುಚ್ಚುತ್ತದೆ. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಇಳಿದು, ರೀಡ್ ವಾಲ್ವ್ ಎಂಬ ತೆಳು ಪಟ್ಟಿಗಳು ಬಾಗಿ ಪೆಟ್ರೋಲು-ಗಾಳಿ ಒಳಗೆ ಬರುತ್ತವೆ. ಪಿಸ್ಟನ್ ಇಳಿಯುವಾಗ ಮೊದಲು ಹೊಗೆಯ ಕಿಂಡಿ ತೆರೆಯುತ್ತದೆ, ಅದರ ಹಿಂದೆಯೇ ಪಕ್ಕದ ಕಿಂಡಿಗಳು ತೆರೆದು ಹೊಸ ಮಿಶ್ರಣ ಕೆಳಗಿನಿಂದ ಮೇಲಕ್ಕೆ ನುಗ್ಗುತ್ತದೆ. ಬನಹಟ್ಟಿಯವರಿಗೆ ಇದನ್ನು ಮಗ್ಗದ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಹಾಸಿನ ಎಳೆಗಳು ಬಾಯಿ ತೆರೆದಿರುವಷ್ಟರಲ್ಲೇ ಲಾಳಿ ಆಚೆ ದಾಟಿರಬೇಕು. ತಡವಾದರೆ ಎಳೆ ಹರಿಯುತ್ತದೆ. ಈ ಎಂಜಿನ್ನಿನಲ್ಲೂ ಹಳೆಯ ಹೊಗೆ ಹೊರಗೆ ಹೋಗಿ ಹೊಸ ಮಿಶ್ರಣ ತುಂಬುವುದೆಲ್ಲ ಕಿಂಡಿ ತೆರೆದಿರುವ ಆ ಚೂರು ಹೊತ್ತಿನಲ್ಲೇ ಮುಗಿಯಬೇಕು.

ಎಷ್ಟು ಹೊತ್ತು? ಆರ್‌ಎಕ್ಸ್ 100ರ ಗರಿಷ್ಠ ಶಕ್ತಿ ನಿಮಿಷಕ್ಕೆ 7,500 ಸುತ್ತಿನಲ್ಲಿ ಬರುತ್ತದೆ, ಎಂದರೆ ಸೆಕೆಂಡಿಗೆ 125 ಸುತ್ತು. ಒಂದು ಸುತ್ತಿಗೆ 8 ಮಿಲಿಸೆಕೆಂಡು. ಹೊಗೆಯ ಕಿಂಡಿ ತೆರೆದಿರುವುದು ಅದರಲ್ಲಿ ಸರಿಸುಮಾರು ಅರ್ಧ, 4 ಮಿಲಿಸೆಕೆಂಡು. ಎರಡೂ ಕಡೆಯ ಕಿಂಡಿಗಳು ಒಟ್ಟಿಗೆ ತೆರೆದಿರುವುದರಿಂದ, ಬಂದ ಹೊಸ ಮಿಶ್ರಣದಲ್ಲಿ ಕಾಲು ಭಾಗದವರೆಗೂ ಸುಡದೆ ನೇರವಾಗಿ ಹೊಗೆಕೊಳವೆಗೆ ಹೋಗಿಬಿಡಬಹುದು. ಟು-ಸ್ಟ್ರೋಕ್ ಗಾಡಿಗಳು ಪೆಟ್ರೋಲು ಕುಡಿಯುವುದಕ್ಕೂ, ಹೊಗೆಯ ನಿಯಮಗಳು ಬಿಗಿಯಾದಂತೆ ಮಾರುಕಟ್ಟೆಯಿಂದ ಮರೆಯಾದದ್ದಕ್ಕೂ ಮುಖ್ಯ ಕಾರಣ ಇದೇ.

ತಪ್ಪಿಸಿಕೊಂಡು ಹೋದ ಆ ಮಿಶ್ರಣವನ್ನು ಹಿಂದಕ್ಕೆ ತಳ್ಳುವ ಉಪಾಯವನ್ನು ಪಕ್ವಗೊಳಿಸಿದವರು ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ಹೊಗೆ ಹೊರಬಿದ್ದಾಗ ಅದರ ಜೊತೆ ಒಂದು ಒತ್ತಡದ ಅಲೆಯೂ ಕೊಳವೆಯಲ್ಲಿ ಓಡುತ್ತದೆ. ಕೊಳವೆ ಅಗಲವಾಗುವ ಕಡೆ ಅಲೆಯ ಒಂದು ಪಾಲು ಸೆಳೆತವಾಗಿ ಹಿಂದಿರುಗಿ ಸಿಲಿಂಡರಿನ ಉಳಿದ ಹೊಗೆಯನ್ನು ಎಳೆದುಕೊಳ್ಳುತ್ತದೆ. ಮುಂದೆ ಕೊಳವೆ ಮತ್ತೆ ಕಿರಿದಾಗುವ ಕಡೆ ಅಲೆ ಬಡಿದು ಒತ್ತಡವಾಗಿಯೇ ವಾಪಸು ಬಂದು, ಹೊರಬಿದ್ದಿದ್ದ ಹೊಸ ಮಿಶ್ರಣವನ್ನು ಕಿಂಡಿ ಮುಚ್ಚುವ ಮುನ್ನ ಒಳಗೆ ನೂಕುತ್ತದೆ. ಚೇಂಬರ್ ಪೈಪಿನ ಹೊಟ್ಟೆ ಉಬ್ಬಿರುವುದು ಇದಕ್ಕಾಗಿ. 1961ರಲ್ಲಿ ಕಾಡೆನ್ನರ 125 ಸಿಸಿ ರೇಸ್ ಎಂಜಿನ್ನು 25 ಅಶ್ವಶಕ್ತಿ ಕೊಡುತ್ತಿತ್ತು, ಎಂಜಿನ್ ಗಾತ್ರದ ಲೀಟರಿಗೆ 200. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನಿಂದ ಪಶ್ಚಿಮಕ್ಕೆ ಓಡಿಹೋಗಿ ಆ ವಿದ್ಯೆಯನ್ನು ಸುಜುಕಿಗೆ ಒಪ್ಪಿಸಿದರು. ಮರುವರ್ಷವೇ ಸುಜುಕಿಗೆ 50 ಸಿಸಿ ವಿಶ್ವ ಚಾಂಪಿಯನ್‌ಪಟ್ಟ ಬಂತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದೂ 1961ರಲ್ಲೇ. ಅಲ್ಲಿಂದ ಬಂದ ಯೆಜ್ಡಿ ರೋಡ್‌ಕಿಂಗ್ ಸುಮಾರು 250 ಸಿಸಿಯಲ್ಲಿ 16 ಅಶ್ವಶಕ್ತಿ ಕೊಡುತ್ತಿತ್ತು, ಲೀಟರಿಗೆ ಅಂದಾಜು 64. ಆರ್‌ಎಕ್ಸ್ 98 ಸಿಸಿಯಲ್ಲಿ 11 ಕೊಡುತ್ತದೆ, ಲೀಟರಿಗೆ ಅಂದಾಜು 112. ಕಂಪನಿಯವರು ಹಾಕಿಕೊಟ್ಟ ಆ ಸಪ್ಪೆ ನೋಟದ ಸೈಲೆನ್ಸರಿನ ಒಳಗೂ ಈ ಅಲೆಯ ಲೆಕ್ಕವೇ ಕೂತಿದೆ. ನಮ್ಮ ಹುಡುಗರು ಅದನ್ನು ಬರೀ ಸದ್ದು ತಗ್ಗಿಸುವ ಡಬ್ಬಿ ಎಂದುಕೊಂಡು ಕಿತ್ತೆಸೆಯುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಲೆಕ್ಕವನ್ನೇ ಹಾಕಿ ನೋಡೋಣ. ಬಿಸಿ ಹೊಗೆಯಲ್ಲಿ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. 4 ಮಿಲಿಸೆಕೆಂಡಿನಲ್ಲಿ 2 ಮೀಟರ್. ಹೋಗಿ ಬರಬೇಕಾದ್ದರಿಂದ ಅಲೆ ತಿರುಗುವ ಜಾಗ ಒಂದು ಮೀಟರಿನ ಆಸುಪಾಸಿನಲ್ಲಿರಬೇಕು. ಹುಡುಗನಿಗೆ ಬೇಕಾದಂತೆ 9,500 ಸುತ್ತಿನಲ್ಲಿ ಶಕ್ತಿ ಬರಬೇಕಾದರೆ ಈ ಉದ್ದವನ್ನು ಸುಮಾರು 80 ಸೆಂಟಿಮೀಟರಿಗೆ ಇಳಿಸಬೇಕು. ಆಗ ಮೇಲಿನ ಸುತ್ತಿನಲ್ಲಿ ಗಾಡಿ ಹಾರುತ್ತದೆ. ಆದರೆ 4,000 ಸುತ್ತಿನಲ್ಲಿ ಅಲೆ ಬೇಗ ಬಂದು, ಹೊರಹೋಗಬೇಕಾದ ಹೊಗೆಯನ್ನೇ ಒಳಗೆ ತಳ್ಳುತ್ತದೆ. ಹಿಂದೆ ಮೇವಿನ ಹೊರೆ ಕಟ್ಟಿಕೊಂಡು ಹೊಲದ ದಾರಿಯಲ್ಲಿ ಸೆಕೆಂಡ್ ಗೇರಿನಲ್ಲಿ ಬರುವವನಿಗೆ ಬೇಕಾದ ಎಳೆತ ಇರುವುದು ಆ ಸುತ್ತಿನಲ್ಲೇ.

ಪೋರ್ಟಿಂಗ್, ಎಂದರೆ ಕಿಂಡಿಗಳನ್ನು ಅರದಿಂದ ಉಜ್ಜಿ ಹಿಗ್ಗಿಸುವುದು, ಇನ್ನೂ ಸೂಕ್ಷ್ಮ. ಈ ಎಂಜಿನ್ನಿನ ಬೋರ್ 50 ಮಿ.ಮೀ, ಸ್ಟ್ರೋಕ್ 50 ಮಿ.ಮೀ. ಹೊಗೆ ಕಿಂಡಿಯ ಮೇಲಂಚನ್ನು ಅರ ಹಾಕಿ ಒಂದೇ ಮಿಲಿಮೀಟರ್ ಎತ್ತರಿಸಿದರೂ ಅದು ತೆರೆದಿರುವ ಕಾಲ ಕ್ರ್ಯಾಂಕಿನ ಸುತ್ತಿನ ಲೆಕ್ಕದಲ್ಲಿ ನಾಲ್ಕೈದು ಡಿಗ್ರಿ ಹೆಚ್ಚುತ್ತದೆ. ಮಿಶ್ರಣವನ್ನು ಒತ್ತಲು ಸಿಗುವ ದೂರ ಅಷ್ಟೇ ಕಡಿಮೆಯಾಗುತ್ತದೆ. ಅರದ ಕೈ ಒಂದು ಬದಿಗೆ ವಾಲಿದರೆ ಪಿಸ್ಟನ್ ರಿಂಗು ಕಿಂಡಿಯ ಅಂಚಿಗೆ ಸಿಕ್ಕಿ ಮುರಿಯುತ್ತದೆ. ಉಜ್ಜಿ ತೆಗೆದ ಲೋಹವನ್ನು ಮತ್ತೆ ಅಂಟಿಸುವಂತಿಲ್ಲ. ಸುತ್ತು 7,500ರಿಂದ 10,000ಕ್ಕೆ ಏರಿದರೆ ಕನೆಕ್ಟಿಂಗ್ ರಾಡಿನ ಮೇಲಿನ ಜಡತ್ವದ ಬಲ ಸುಮಾರು ಮುಕ್ಕಾಲು ಪಾಲು ಹೆಚ್ಚುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವ ಬಲ. ಮೂವತ್ತು ವರ್ಷ ಹಳೆಯ ಬೇರಿಂಗಿನ ಮೇಲೆ ಆ ಭಾರ ಹೊರಿಸುವುದು ಧೈರ್ಯದ ಮಾತಲ್ಲ.

ಫಿಲ್ಟರ್ ಡಬ್ಬಿ ತೆಗೆಯುವ ಯೋಚನೆಯಂತೂ ಈ ಸೀಮೆಗೆ ಆಗಿಬರುವುದೇ ಇಲ್ಲ. ಕಬ್ಬು ಕಡಿಯುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಹಿಂದೆ ಎರೆಮಣ್ಣಿನ ಧೂಳು ಮೊಳಕಾಲೆತ್ತರ ಏಳುತ್ತದೆ. ಫೋರ್-ಸ್ಟ್ರೋಕಿನಲ್ಲಿ ಗಾಳಿ ಸೀದಾ ಸಿಲಿಂಡರಿಗೆ ಹೋಗುತ್ತದೆ; ಇಲ್ಲಿ ಕ್ರ್ಯಾಂಕಿನ ಬೇರಿಂಗುಗಳ ನಡುವೆ ಹಾಯ್ದೇ ಮೇಲೇರಬೇಕು. ಒಳಗೆ ಬಂದ ಧೂಳು ಪಿಸ್ಟನ್ನಿಗೂ ಮೊದಲು ಬೇರಿಂಗನ್ನು ತಿನ್ನುತ್ತದೆ.

ಇನ್ನು ಪೆಟ್ರೋಲು. ಸಮೀರವಾಡಿಯಲ್ಲಿ, ಮುಧೋಳದಲ್ಲಿ ಕಬ್ಬಿನಿಂದ ಎಥನಾಲ್ ತಯಾರಾಗುತ್ತದೆ. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಬಂಕುಗಳಲ್ಲಿ ಸಿಗುವುದು ಅದೇ. ಹುಡುಗನ ಹೊಲದ ಕಬ್ಬಿನ ರಸ ಅವನ ಟ್ಯಾಂಕಿಗೇ ಬಂದಿರಬಹುದು. ರೈತನಿಗೆ ಅದು ಒಳ್ಳೆಯದೇ. ಆದರೆ ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಕಾರ್ಬೊರೇಟರಿನ ಹಳೆಯ ಜೆಟ್ಟಿನಲ್ಲೇ ಹೊಸ ಪೆಟ್ರೋಲು ಹರಿದರೆ ಮಿಶ್ರಣ ತೆಳುವಾಗುತ್ತದೆ. ಸರಿದೂಗಿಸಲು ಇಂಧನ ನೂರಕ್ಕೆ ಎಂಟರಷ್ಟು ಹೆಚ್ಚು ಹರಿಯಬೇಕು. ತೆಳು ಮಿಶ್ರಣದಲ್ಲಿ ಎಂಜಿನ್ನು ಹೆಚ್ಚು ಕಾಯುತ್ತದೆ. ಅಲ್ಯೂಮಿನಿಯಮ್ ಪಿಸ್ಟನ್ ಬೀಡುಕಬ್ಬಿಣದ ಲೈನರಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಒಮ್ಮೆಲೇ ಕಚ್ಚಿಕೊಳ್ಳುತ್ತದೆ. ‘ಗಾಡಿ ಸೀಜ್ ಆತು’ ಎನ್ನುವುದು ಇದಕ್ಕೇ. ಜಮಖಂಡಿ-ಮುಧೋಳದ ನೇರ ರಸ್ತೆಯಲ್ಲಿ ಪೂರ್ತಿ ಎಕ್ಸಿಲೇಟರ್ ತಿರುಗಿಸಿ ಬಂದು ಥಟ್ಟನೆ ಬಿಟ್ಟಾಗ ಅಪಾಯ ಹೆಚ್ಚು: ಚಕ್ರ ಇನ್ನೂ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಿರುತ್ತದೆ, ಎಕ್ಸಿಲೇಟರಿಗೇ ಕಟ್ಟಿದ ಆಯಿಲ್ ಪಂಪು ಮಾತ್ರ ಎಣ್ಣೆ ಕಡಿಮೆ ಮಾಡಿರುತ್ತದೆ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ನೀರನ್ನು ಹೀರುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು ಹೊಸ ಪೆಟ್ರೋಲ್ ಪೈಪು, ಕಾರ್ಬೊರೇಟರಿನ ಹೊಸ ರಬ್ಬರುಗಳು, ಒಂದೆರಡು ಸೈಜು ದೊಡ್ಡ ಮೇನ್ ಜೆಟ್.

ಮಿಸ್ತ್ರಿ ನೋಡುತ್ತಿದ್ದ ಪ್ಲಗ್ಗಿನ ತುದಿ ಬೂದುಬಿಳಿಯಾಗಿತ್ತು; ಕಂದು ಇರಬೇಕಿತ್ತು. ಕ್ರ್ಯಾಂಕಿನ ಎಡಗಡೆಯ ಆಯಿಲ್ ಸೀಲು ಒಣಗಿ ಸೀಳಿದ್ದರಿಂದ ಅಲ್ಲಿಂದಲೂ ಗಾಳಿ ಒಳಬರುತ್ತಿತ್ತು. ಕ್ರ್ಯಾಂಕ್‌ಕೇಸೇ ಪಂಪಾಗಿರುವ ಎಂಜಿನ್ನಿನಲ್ಲಿ ಸೀಲು ಸೋರಿದರೆ ಯಾವ ಚೇಂಬರ್ ಪೈಪೂ ಅದನ್ನು ಸರಿಮಾಡಲಾರದು. ಕಿಂಡಿಗಳನ್ನೆಲ್ಲ ಮುಚ್ಚಿ ಸೈಕಲ್ ಪಂಪಿನಿಂದ ಹಗುರಾಗಿ ಗಾಳಿ ತುಂಬಿ, ಅದು ನಿಲ್ಲುತ್ತದೋ ಇಲ್ಲವೋ ನೋಡಿದರೆ ಸಾಕು, ಸೋರಿಕೆ ಗೊತ್ತಾಗುತ್ತದೆ. ಪಿಕಪ್ ಬಿದ್ದುಹೋಗಿದೆ ಎಂದು ಜನ ದೂರುವ ಎಷ್ಟೋ ಗಾಡಿಗಳಿಗೆ ಬೇಕಾದದ್ದು ಎರಡು ಸೀಲು ಮತ್ತು ಸೈಲೆನ್ಸರಿನೊಳಗಿನ ಕರಿ ಕೆರೆಯುವುದು, ಅಷ್ಟೇ.

ಬ್ರೇಕಿನ ಮಾತು ಪಟ್ಟಿಯಲ್ಲಿ ಇರಲೇ ಇಲ್ಲ. ವೇಗ 100ರಿಂದ 120ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಶೇ. 44 ಹೆಚ್ಚುತ್ತದೆ, ಮತ್ತು ಈ ಗಾಡಿಗೆ ಮುಂದೆಯೂ ಡ್ರಮ್ಮು, ಹಿಂದೆಯೂ ಡ್ರಮ್ಮು. ಕಾನೂನೂ ಇದೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪುಸ್ತಕದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಹಾಗಾದರೆ ಹುಡುಗನ ಆಸೆಗೆ ದಾರಿಯೇ ಇಲ್ಲವೆ? ಇದೆ. ಆಸೆ ಕೆಟ್ಟದ್ದಲ್ಲ, ಕಾಡೆನ್ ಕೂಡ ಅರ ಹಿಡಿದವರೇ. ಬೋರ್ ಅಳೆಸಿದಾಗ ಲೈನರು ಮೊದಲ ಓವರ್‌ಸೈಜಿಗೆ, ಅಂದರೆ 0.25 ಮಿ.ಮೀಗೆ ಕೊರೆಸಿದರೆ ಸಾಕೆಂದು ತಿಳಿಯಿತು. ಪಿಸ್ಟನ್ನುಗಳು 1 ಮಿ.ಮೀವರೆಗೂ ಸಿಗುತ್ತವೆ, ಅಲ್ಲಿಗೆ ಹೋದರೂ ಎಂಜಿನ್ನು ಆಗುವುದು 102 ಸಿಸಿ ಮಾತ್ರ. ಆಮೇಲೆ ಲೈನರೇ ಬದಲಿಸಬೇಕು. ಎಂದರೆ ಒಂದೊಂದು ಬೋರ್ ಕೂಡ ಗಾಡಿಯ ಆಯುಷ್ಯದ ಒಂದು ಕಂತು. ಮಿಸ್ತ್ರಿ ಕೊನೆಗೆ ಕೊಟ್ಟ ಸಲಹೆ ಇದು: ಅಸಲಿ ಸಿಲಿಂಡರನ್ನು ಮುಟ್ಟಬೇಡ, ರಸ್ತೆಯ ಮೇಲೆ ಅದೇ ಓಡಲಿ. ಗುಜರಿಯಿಂದ ಇನ್ನೊಂದು ಹಳೆ ಸಿಲಿಂಡರ್ ತಾ, ಅದರ ಮೇಲೆ ಕೈ ಪಳಗಿಸು. ಕೆಲವು ನಟ್ ಬಿಚ್ಚಿದರೆ ಸಿಲಿಂಡರ್ ಕೈಗೆ ಬರುತ್ತದೆ. ರೇಸ್ ಟ್ರ್ಯಾಕಿಗೆ ಹೋಗುವ ದಿನ ಅದನ್ನು ಹಾಕಿಕೊ, ಬಂದಮೇಲೆ ಬಿಚ್ಚಿಡು. ಹುಡುಗ ಗುಜರಿ ಸಿಲಿಂಡರ್ ತಂದಿದ್ದಾನೆ. ಒಳಗೆ ಕಾಗದ ಸುತ್ತಿ, ಕಿಂಡಿಗಳ ಅಚ್ಚು ತೆಗೆದು, ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡಿದ್ದಾನೆ. ಅರ ಇನ್ನೂ ಕೊಂಡಿಲ್ಲ. ಮೊದಲು ಡಿಗ್ರಿ ಗುರುತಿನ ಚಕ್ರ ಬೇಕು ಎನ್ನುತ್ತಿದ್ದಾನೆ.