ಶೆಲ್ ತನ್ನ ಚರಗಳನ್ನು ತೋರಿಸಲು ಕಲಿತ ಬಗೆ

ಕೀಲಿಮಣೆಯಲ್ಲಿ ಟೈಪಿಸಿದ ಆದೇಶವನ್ನು ಓದಿ, ಅದಕ್ಕೆ ತಕ್ಕ ಪ್ರೋಗ್ರಾಮನ್ನು ಓಡಿಸುವ ತಂತ್ರಾಂಶಕ್ಕೆ ಶೆಲ್ ಎಂದು ಹೆಸರು. ಅದು ಒಂದು ಹೆಸರಿನಡಿ ಇಟ್ಟುಕೊಂಡು ಬೇಕಾದಾಗ ಬದಲಿಸುವ ಮೌಲ್ಯವೇ ವೇರಿಯಬಲ್, ಅಂದರೆ ಚರ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಮ್ಸನ್ 1971ರಲ್ಲಿ ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗೆ ಒದಗಿಸಿದ ಮೊದಲ ಶೆಲ್‌ನಲ್ಲಿ ಬಳಕೆದಾರರು ತಾವೇ ಹೆಸರಿಡಬಹುದಾದ ಚರಗಳಿರಲಿಲ್ಲವಾದ್ದರಿಂದ ಅವುಗಳನ್ನು ಪಟ್ಟಿ ಮಾಡುವ ಪ್ರಶ್ನೆಯೂ ಏಳಲಿಲ್ಲ. 1970ರ ದಶಕದ ನಡುಭಾಗದಲ್ಲಿ ಜಾನ್ ಮ್ಯಾಶಿ ಅದನ್ನು ವಿಸ್ತರಿಸಿ, ಒಂದೇ ಅಕ್ಷರದ ಹೆಸರುಳ್ಳ ಚರಗಳನ್ನು ತಂದರು; ಪ್ರೋಗ್ರಾಮುಗಳನ್ನು ಯಾವ ಡೈರೆಕ್ಟರಿಗಳಲ್ಲಿ ಹುಡುಕಬೇಕೆಂದು ಹೇಳುತ್ತಿದ್ದ ‘ಪಿ’ ಎಂಬ ಚರವು ಇಂದಿನ ‘ಪಾತ್’ನ ಪೂರ್ವಜ.

ನಿಜವಾದ ತಿರುವು ಬಂದದ್ದು 1979ರಲ್ಲಿ, ಯೂನಿಕ್ಸ್‌ನ ಏಳನೆಯ ಆವೃತ್ತಿಯೊಂದಿಗೆ. ಸ್ಟೀಫನ್ ಬೋರ್ನ್ ರಚಿಸಿದ ಅದರ ಶೆಲ್ ಉದ್ದದ ಹೆಸರುಗಳಿಗೆ ಅವಕಾಶ ಕೊಟ್ಟಿತು. ಜೊತೆಗೆ, ಹೊಸ ಪ್ರೋಗ್ರಾಮು ಆರಂಭವಾಗುವಾಗ ಅದರ ಕೈಗೆ ಹೆಸರು-ಮೌಲ್ಯಗಳ ಒಂದು ಪ್ರತಿಯನ್ನು ಒಪ್ಪಿಸುವ ‘ಎನ್ವಿರಾನ್‌ಮೆಂಟ್’ ಎಂಬ ವ್ಯವಸ್ಥೆಯೂ ಆಗಲೇ ಬಂತು. ಅಲ್ಲಿಂದ ಚರಗಳು ಎರಡು ವರ್ಗವಾದವು: ಶೆಲ್‌ನೊಳಗೇ ಉಳಿಯುವವು ಮತ್ತು ‘ಎಕ್ಸ್‌ಪೋರ್ಟ್’ ಆದೇಶದ ಮೂಲಕ ಮುಂದಿನ ಪ್ರೋಗ್ರಾಮುಗಳಿಗೆ ಸಾಗುವವು. ಬೇರೇನನ್ನೂ ಸೇರಿಸದೆ ‘ಸೆಟ್’ ಎಂದಷ್ಟೇ ಟೈಪಿಸಿದರೆ ಎರಡೂ ವರ್ಗಗಳು ಕಾಣುತ್ತವೆ. ‘ಎನ್ವ್’ ಎಂದರೆ ಎರಡನೆಯದು ಮಾತ್ರ. ಶೆಲ್‌ನಲ್ಲಿ ಸರಿಯಾಗಿರುವ ಮೌಲ್ಯ ತಾನು ಓಡಿಸಿದ ಪ್ರೋಗ್ರಾಮಿಗೆ ಏಕೆ ತಿಳಿಯಲಿಲ್ಲವೆಂದು ಕಲಿಯುವವರು ಪಡುವ ಗೊಂದಲಕ್ಕೆ ಈ ಎರಡು ಪಟ್ಟಿಗಳ ನಡುವಿನ ವ್ಯತ್ಯಾಸವೇ ಬಹುಪಾಲು ಉತ್ತರ, ಮತ್ತು ಪಠ್ಯಗಳು ಇದನ್ನು ಮೊದಲ ಪಾಠದಲ್ಲೇ ಹೇಳುವುದು ಒಳ್ಳೆಯದು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ರೂಪಿಸಿದ ಸಿ ಶೆಲ್ ಈ ಭೇದವನ್ನು ಮರೆಮಾಡದೆ, ‘ಸೆಟ್’ ಮತ್ತು ‘ಸೆಟ್‌ಎನ್ವ್’ ಎಂಬ ಬೇರೆ ಬೇರೆ ಆದೇಶಗಳನ್ನೇ ಇಟ್ಟಿತು.

ಇಂಥ ಪಟ್ಟಿಗಳಲ್ಲಿ ಹೆಸರು, ಸಮಚಿಹ್ನೆ, ಮೌಲ್ಯ ಎಂಬ ಸರಳ ಸಾಲು ಬಹುಕಾಲ ಸಾಕಾಗಲಿಲ್ಲ, ಏಕೆಂದರೆ ಮೌಲ್ಯದೊಳಗೇ ಸಾಲು ಮುರಿದಿದ್ದರೆ ಒಂದು ಚರವು ಪಟ್ಟಿಯಲ್ಲಿ ಎರಡರಂತೆ ಕಾಣುತ್ತದೆ. ಆದ್ದರಿಂದ ಮೌಲ್ಯಗಳನ್ನು ಉದ್ಧರಣ ಚಿಹ್ನೆಗಳೊಳಗಿಟ್ಟು, ಶೆಲ್ ಮತ್ತೆ ಓದಿಕೊಳ್ಳಬಲ್ಲ ರೂಪದಲ್ಲಿ ಮುದ್ರಿಸುವ ಪದ್ಧತಿ ಬೆಳೆಯಿತು. ಡೇವಿಡ್ ಕಾರ್ನ್ ಅವರ ಶೆಲ್ ‘ಟೈಪ್‌ಸೆಟ್’ ಆದೇಶದ ಮೂಲಕ ಪೂರ್ಣಾಂಕ, ಓದಲು ಮಾತ್ರ ಎಂಬಂಥ ಗುಣಗಳನ್ನು ಚರಗಳಿಗೆ ಕೊಟ್ಟಿತು. ಸ್ವತಂತ್ರ ತಂತ್ರಾಂಶದ ಗ್ನೂ ಯೋಜನೆಗಾಗಿ ಬ್ರಯಾನ್ ಫಾಕ್ಸ್ ಬರೆದು 1989ರಲ್ಲಿ ಹೊರಬಂದ ಬ್ಯಾಶ್ ಎಂಬ ಶೆಲ್‌ನಲ್ಲಿ ಅದೇ ಕೆಲಸ ‘ಡಿಕ್ಲೇರ್’ಗೆ ಬಂತು. ಅದಕ್ಕೆ ‘-ಪಿ’ ಸೇರಿಸಿದರೆ ಚರದ ಮೌಲ್ಯದೊಂದಿಗೆ ಅದರ ಗುಣವೂ ಕಾಣುತ್ತದೆ. ಹಲವು ಮೌಲ್ಯಗಳ ಸಾಲಾದ ಅರೇ ಒಂದನ್ನು ಅದರ ಹೆಸರಷ್ಟೇ ಹೇಳಿ ‘ಎಕೋ’ ಎಂಬ ಮುದ್ರಣ ಆದೇಶದಿಂದ ತೋರಿಸಿದರೆ ಮೊದಲ ಅಂಶ ಮಾತ್ರ ಹೊರಬಂದು ಉಳಿದವು ಇಲ್ಲವೆಂಬ ಭ್ರಮೆ ಹುಟ್ಟುತ್ತದೆ; ಆದರೆ ‘ಡಿಕ್ಲೇರ್ -ಪಿ’ ಅವೆಲ್ಲವನ್ನೂ ಕ್ರಮಸಂಖ್ಯೆಯೊಡನೆ ಮುಂದಿಡುತ್ತದೆ. ಪರಿಶೀಲನೆಗೆ ಇದಕ್ಕಿಂತ ನಂಬಿಕೆಯ ಸಾಧನ ಬ್ಯಾಶ್‌ನಲ್ಲಿಲ್ಲ.

ಇಂಥ ಪರಿಶೀಲನೆಯ ಬೆಲೆ 2014ರ ಸೆಪ್ಟೆಂಬರಿನಲ್ಲಿ ಲೋಕಕ್ಕೆ ತಿಳಿಯಿತು. ಬ್ಯಾಶ್ ತನ್ನ ಫಂಕ್ಷನ್‌ಗಳನ್ನೂ, ಅಂದರೆ ಹೆಸರಿಟ್ಟ ಆದೇಶಗಳ ಗುಂಪನ್ನೂ, ಸಾಮಾನ್ಯ ಚರಗಳ ವೇಷದಲ್ಲಿ ಎನ್ವಿರಾನ್‌ಮೆಂಟಿನ ಮೂಲಕ ಸಾಗಿಸುತ್ತಿತ್ತು. ಹಾಗೆ ಬಂದ ಮೌಲ್ಯದ ಕೊನೆಗೆ ಅಂಟಿಸಿದ ಹೆಚ್ಚುವರಿ ಆದೇಶವನ್ನೂ ಅದು ಓಡಿಸಿಬಿಡುತ್ತಿದ್ದುದನ್ನು ಸ್ಟೆಫಾನ್ ಶಾಜ್‌ಲಾ ಪತ್ತೆಹಚ್ಚಿದರು, ಆ ದೋಷಕ್ಕೆ ಶೆಲ್‌ಶಾಕ್ ಎಂಬ ಹೆಸರು ಬಂತು. ತಿದ್ದುಪಡಿಯ ನಂತರ ಅಂಥ ಫಂಕ್ಷನ್‌ಗಳು ‘ಬ್ಯಾಶ್_ಫಂಕ್’ ಎಂಬ ಪೂರ್ವಪದ ಹೊತ್ತೇ ಸಾಗುತ್ತವೆ, ಹಾಗಾಗಿ ‘ಎನ್ವ್’ ಪಟ್ಟಿಯನ್ನು ಓದುವವರಿಗೆ ಈಗ ಯಾವುದು ಚರ, ಯಾವುದು ಫಂಕ್ಷನ್ ಎಂಬುದು ಹೆಸರಿನಿಂದಲೇ ತಿಳಿಯುತ್ತದೆ.