ಹಡಗಿನ ಔತಣಕ್ಕೆ ಸೀರೆ ನಡೆಯುತ್ತದೆಯೇ?

ಪ್ರಶ್ನೆ: ಕ್ವೀನ್ ಮೇರಿ 2 ಹಡಗಿನಲ್ಲಿ ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಹೊರಟಿದ್ದೇವೆ. ಎಂಥ ಬಟ್ಟೆ ಒಯ್ಯಬೇಕು?

ಉತ್ತರ: ಹಗಲಿಗೆ ಮಾಮೂಲಿ ಉಡುಪು ಸಾಕು. ಸಂಜೆ 6ರ ನಂತರ ಅಚ್ಚುಕಟ್ಟಾಗಿರಬೇಕು. 7 ರಾತ್ರಿಗಳ ಪಯಣದಲ್ಲಿ ಸಾಮಾನ್ಯವಾಗಿ ಎರಡು ‘ಗಾಲಾ’ ಸಂಜೆಗಳಿರುತ್ತವೆ. ಆಗ ಗಂಡಸರಿಗೆ ಟೈ ಸಮೇತ ಗಾಢಬಣ್ಣದ ಸೂಟ್ ಬೇಕು. ಅವರವರ ದೇಶದ ಸಾಂಪ್ರದಾಯಿಕ ಉಡುಗೆಯೂ ಸಲ್ಲುತ್ತದೆ. ಹಾಗಾಗಿ ಮೈಸೂರು ಸಿಲ್ಕ್ ಸೀರೆ, ಬಂದ್‌ಗಲಾ ಧಾರಾಳವಾಗಿ ಒಯ್ಯಿರಿ. ಅಲಂಕಾರ ಬೇಡವೆನಿಸಿದ ದಿನ ಕಿಂಗ್ಸ್ ಕೋರ್ಟ್ ಬಫೆಯಲ್ಲಿ ಊಟ ಮಾಡಬಹುದು. ಉತ್ತರ ಅಟ್ಲಾಂಟಿಕ್‌ನ ಗಾಳಿ ಬೇಸಿಗೆಯಲ್ಲೂ ಕೊರೆಯುತ್ತದೆ. ಡೆಕ್ಕಿನ ಮೇಲೆ ಅಡ್ಡಾಡಲು ಸ್ವೆಟರ್ ಇರಲೇಬೇಕು. ನೇರ ಪಯಣದಲ್ಲಿ ನಡುವೆ ಬಂದರು ಸಿಗದು, ಬೇಕಾದ ಔಷಧಿ ಜೊತೆಗಿರಲಿ. ಪಶ್ಚಿಮಕ್ಕೆ ಸಾಗುವಾಗ ಗಡಿಯಾರವನ್ನು ಒಂದೊಂದೇ ಗಂಟೆ ಹಿಂದಿಡುತ್ತಾರೆ. 25 ಗಂಟೆಯ ಆ ದಿನಗಳಲ್ಲಿ ಧಾರಾಳವಾಗಿ ನಿದ್ದೆ ಮಾಡಿ.