ಹೆಲ್ಮೆಟ್ ಒಳಗಿನ ಬಿರುಗಾಳಿ: ಬೈಕ್ ಸವಾರರ ಕಿವಿಗೆ ಬೇಕು ಕಾವಲು

ಬೆಂಗಳೂರಿನಿಂದ ಬೆಳಗ್ಗೆ ಹೊರಟು ತುಮಕೂರು, ಶಿರಾ, ಹಿರಿಯೂರು ದಾಟಿ ಚಿತ್ರದುರ್ಗದಲ್ಲಿ ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆದ ಕೂಡಲೇ ಅನೇಕ ಸವಾರರ ಕಿವಿ ಗುಂಯ್ ಎನ್ನುತ್ತಿರುತ್ತದೆ. ತಿಂಡಿ ಏನಿದೆ ಎಂದು ಹೋಟೆಲಿನವರು ಹೇಳಿದ್ದು ಸರಿಯಾಗಿ ಕೇಳಿಸದೆ ಇನ್ನೊಮ್ಮೆ ಕೇಳಬೇಕಾಗುತ್ತದೆ. ಸಂಜೆಯ ಹೊತ್ತಿಗೆ ಎಲ್ಲವೂ ಸರಿಹೋಗುವುದರಿಂದ ಇದು ಪ್ರಯಾಣದ ಆಯಾಸ ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಆದರೆ ವೈದ್ಯರ ದೃಷ್ಟಿಯಲ್ಲಿ ಅದು ಒಳಕಿವಿಗೆ ಪೆಟ್ಟು ಬಿದ್ದಿದೆ ಎಂಬುದರ ಮೊದಲ ಸೂಚನೆ.

ಬೈಕಿನ ಸದ್ದು ಎಂದರೆ ಎಲ್ಲರೂ ಬೊಟ್ಟು ಮಾಡುವುದು ಎಂಜಿನ್ ಮತ್ತು ಸೈಲೆನ್ಸರ್ ಕಡೆಗೆ. ಊರೊಳಗೆ ನಿಧಾನವಾಗಿ ಹೋಗುವಾಗ ಈ ಮಾತು ಸರಿ. ವೇಗ ಗಂಟೆಗೆ ಸುಮಾರು 65 ಕಿಲೋಮೀಟರ್ ದಾಟಿದ ಮೇಲೆ ಲೆಕ್ಕ ತಲೆಕೆಳಗಾಗುತ್ತದೆ. ಆಗ ಸವಾರನ ಕಿವಿಗೆ ಬೀಳುವ ಸದ್ದಿನಲ್ಲಿ ದೊಡ್ಡ ಪಾಲು ಗಾಳಿಯದು. ಸದ್ದೇ ಮಾಡದ ಎಲೆಕ್ಟ್ರಿಕ್ ಬೈಕ್ ಏರಿದರೂ ಹೆದ್ದಾರಿಯಲ್ಲಿ ಕಿವಿಗೆ ವಿನಾಯಿತಿ ಸಿಗುವುದಿಲ್ಲ.

ಗಾಳಿ ಎಲ್ಲಿ ಕೂಗುತ್ತದೆ?

ಮುನ್ನುಗ್ಗುವ ಹೆಲ್ಮೆಟ್ಟಿಗೆ ಎದುರಾದ ಗಾಳಿ ಅದರ ಅಂಚುಗಳಲ್ಲಿ ಹರಿದು ಸುಳಿಗಳಾಗಿ ಒಡೆಯುತ್ತದೆ. ಈ ಸುಳಿಗಳು ಹೆಲ್ಮೆಟ್ಟಿನ ಚಿಪ್ಪನ್ನು ಮತ್ತೆ ಮತ್ತೆ ಬಡಿಯುತ್ತವೆ. ಒಳಗೆ ಅದು ಗುಡುಗಿನಂಥ ತಗ್ಗು ಸ್ಥಾಯಿಯ ಸದ್ದಾಗಿ ಕೇಳಿಸುತ್ತದೆ. ಬ್ರಿಟನ್ನಿನ ಬಾತ್ ನಗರದ ವಿಶ್ವವಿದ್ಯಾಲಯಗಳ ಸಂಶೋಧಕರು ಗೊಂಬೆಯ ತಲೆಗೆ ಹೆಲ್ಮೆಟ್ ತೊಡಿಸಿ ಗಾಳಿ ಸುರಂಗದಲ್ಲಿಟ್ಟು ಈ ಸದ್ದಿನ ಮೂಲ ಹುಡುಕಿದರು. ಗದ್ದದ ಕೆಳಗೆ, ಹೆಲ್ಮೆಟ್ ಮುಗಿದು ಕುತ್ತಿಗೆ ಶುರುವಾಗುವ ಜಾಗ ಪ್ರಮುಖ ಮೂಲವೆಂದು ತಿಳಿದುಬಂತು. ಅದೇ ಹೆಲ್ಮೆಟ್ಟಿನ ತೆರೆದ ಬಾಗಿಲು. ಬಾಗಿಲು ಮುಚ್ಚಿದಷ್ಟೂ, ಅಂದರೆ ಕತ್ತಿನ ಸುತ್ತ ದಪ್ಪ ಬಟ್ಟೆ ಸುತ್ತಿಕೊಂಡಷ್ಟೂ, ಸದ್ದು ಸ್ವಲ್ಪ ತಗ್ಗುತ್ತದೆ.

ಘನ ವಸ್ತುವಿಗೆ ಗಾಳಿ ಬಡಿದಾಗ ಹುಟ್ಟುವ ಸದ್ದಿನ ಶಕ್ತಿ ವೇಗದ ಆರನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು 1955ರಲ್ಲಿ ಕರ್ಲ್ ಎಂಬ ವಿಜ್ಞಾನಿ ಗಣಿತದಿಂದ ತೋರಿಸಿದರು. ಸವಾರನ ಭಾಷೆಯಲ್ಲಿ ಇದರ ಅರ್ಥ ಹೀಗೆ: ವೇಗ ಎರಡು ಪಟ್ಟಾದರೆ ಸದ್ದಿನ ಶಕ್ತಿ 64 ಪಟ್ಟು, ಅಂದರೆ 18 ಡೆಸಿಬೆಲ್ ಹೆಚ್ಚು. 80ರಲ್ಲಿ ಹೋಗುತ್ತಿದ್ದವರು 100ಕ್ಕೆ ಏರಿಸಿದರೆ ಹೆಚ್ಚುಕಡಿಮೆ 6 ಡೆಸಿಬೆಲ್ ಕೂಡಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ಸವಾರರ ಹೆಲ್ಮೆಟ್ ಒಳಗೇ ಮೈಕ್ ಇಟ್ಟು ಅಳೆದಾಗ 60ರಿಂದ 80 ಕಿಲೋಮೀಟರ್ ವೇಗದಲ್ಲಿ ಸುಮಾರು 90 ಡೆಸಿಬೆಲ್, 160ರ ಹೊತ್ತಿಗೆ ಸುಮಾರು 110 ಡೆಸಿಬೆಲ್ ಕಂಡುಬಂದಿತ್ತು. ಹೆಲ್ಮೆಟ್ ಮತ್ತು ಬೈಕ್ ಬದಲಾದಂತೆ ಅಂಕಿ ಅಷ್ಟಿಷ್ಟು ಆಚೀಚೆ ಆಗುತ್ತದೆ; 100 ಕಿಲೋಮೀಟರ್ ಆಸುಪಾಸಿನಲ್ಲಿ 95ರಿಂದ 100 ಡೆಸಿಬೆಲ್ ಎಂದು ಲೆಕ್ಕ ಹಿಡಿಯಬಹುದು.

ಎಷ್ಟು ಸದ್ದನ್ನು ಎಷ್ಟು ಹೊತ್ತು ಕೇಳಬಹುದು? ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ಎನ್‌ಐಒಎಸ್‌ಎಚ್ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಕೆಲಸ ಮಾಡಬಹುದು. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್ಲಿಗೂ ಈ ಅವಧಿ ಅರ್ಧವಾಗುತ್ತ ಹೋಗುತ್ತದೆ. 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕೇವಲ 15 ನಿಮಿಷ. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರ್. ಆ ದಾರಿಯಲ್ಲಿ ವೇಗವಾಗಿ ಹೋಗುವ ಸವಾರ ತುಮಕೂರು ಮುಟ್ಟುವ ಮೊದಲೇ ಒಂದು ದಿನಕ್ಕೆ ಸಲ್ಲುವ ಸದ್ದನ್ನು ಕೇಳಿ ಮುಗಿಸಿರುತ್ತಾನೆ.

ಒಳಕಿವಿಯ ಲೆಕ್ಕ

ಶಂಖದಂತೆ ಸುರುಳಿ ಸುತ್ತಿರುವ ಒಳಕಿವಿಯ ಕಾಕ್ಲಿಯದಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ. ಸದ್ದಿನ ಅಲೆ ಬಂದಾಗ ಇವುಗಳ ತುದಿಯ ಸೂಕ್ಷ್ಮ ರೋಮಗಳು ಬಾಗಿ, ಆ ಚಲನೆ ವಿದ್ಯುತ್ ಸಂಕೇತವಾಗಿ ಮಿದುಳಿಗೆ ಸಾಗುತ್ತದೆ. ಬಿರುಗಾಳಿಗೆ ನೆಲಕಚ್ಚಿದ ಭತ್ತದ ಪೈರು ಒಂದೆರಡು ದಿನದಲ್ಲಿ ಮತ್ತೆ ತಲೆಯೆತ್ತುವಂತೆ, ಜೋರು ಸದ್ದಿಗೆ ಬಳಲಿದ ಈ ಕೋಶಗಳೂ ವಿಶ್ರಾಂತಿ ಸಿಕ್ಕರೆ ಚೇತರಿಸಿಕೊಳ್ಳುತ್ತವೆ. ಪೆಟ್ಟು ಪದೇ ಪದೇ ಬಿದ್ದರೆ ಸಾಯುತ್ತವೆ. ಹಕ್ಕಿಗಳ ಕಿವಿಯಲ್ಲಿ ಸತ್ತ ರೋಮಕೋಶದ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಮನುಷ್ಯನಿಗೆ ಆ ಭಾಗ್ಯವಿಲ್ಲ.

ಮೊದಲು ಹಾಳಾಗುವುದು 4,000 ಹರ್ಟ್ಸ್ ಆಸುಪಾಸಿನ ಕೀಚಲು ಸದ್ದನ್ನು ಗ್ರಹಿಸುವ ಭಾಗ. ಮಾತಿನಲ್ಲಿ ಸ, ಶ, ಚ ಮುಂತಾದ ವ್ಯಂಜನಗಳ ಸೂಕ್ಷ್ಮ ಇರುವುದು ಈ ಎತ್ತರದ ಸ್ಥಾಯಿಗಳಲ್ಲಿಯೇ. ಹೀಗಾಗಿ ಕಿವಿ ಕೆಟ್ಟವರು ‘ಕೇಳಿಸುವುದೇ ಇಲ್ಲ’ ಎನ್ನುವುದಕ್ಕಿಂತ ಮೊದಲು ‘ಕೇಳಿಸುತ್ತೆ, ಆದರೆ ಏನು ಹೇಳಿದರೆಂದು ಗೊತ್ತಾಗುತ್ತಿಲ್ಲ’ ಎನ್ನುತ್ತಾರೆ. ಮದುವೆ ಮನೆಯ ಗದ್ದಲದಲ್ಲಿ ಪಕ್ಕದವರ ಮಾತು ಹಿಡಿಯುವುದು ಕಷ್ಟವಾಗುತ್ತದೆ.

ಸಂಜೆಗೆ ಗುಂಯ್‌ಗುಡುವುದು ನಿಂತಿತು ಎಂದರೆ ಎಲ್ಲವೂ ಮೊದಲಿನಂತಾಯಿತು ಎಂದೂ ಅಲ್ಲ. ಹಾರ್ವರ್ಡ್ ವೈದ್ಯಕೀಯ ಶಾಲೆಯ ಶರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿಗಳಿಗೆ ಜೋರು ಸದ್ದು ಕೇಳಿಸಿದ್ದರು. ಕೆಲವು ದಿನಗಳಲ್ಲಿ ಶ್ರವಣ ಪರೀಕ್ಷೆಯ ಫಲಿತಾಂಶ ಮೊದಲಿನ ಮಟ್ಟಕ್ಕೆ ಮರಳಿತು, ರೋಮಕೋಶಗಳೂ ಉಳಿದಿದ್ದವು. ಅವುಗಳನ್ನು ನರಕ್ಕೆ ಜೋಡಿಸುವ ಸಂಪರ್ಕಗಳಲ್ಲಿ ಮಾತ್ರ ದೊಡ್ಡ ಪಾಲು ಶಾಶ್ವತವಾಗಿ ಕಡಿದುಹೋಗಿತ್ತು.

ಹೆಲ್ಮೆಟ್ ಇದ್ದರೂ ಏಕೆ ಸಾಲದು?

ಹೆಲ್ಮೆಟ್ ಇರುವುದು ತಲೆ ಉಳಿಸಲು. ಅದರ ಒಳಪದರದ ಥರ್ಮೊಕೋಲ್‌ನಂಥ ವಸ್ತು ಪೆಟ್ಟಿನ ಶಕ್ತಿಯನ್ನು ಹೀರುತ್ತದೆ. ಸದ್ದನ್ನು ಹೀರುವುದು ಅದರ ಕೆಲಸವಲ್ಲ. ಕೀಚಲು ಸದ್ದನ್ನು ಅದು ಒಂದಿಷ್ಟು ತಡೆಯುತ್ತದೆ, ತಗ್ಗು ಸ್ಥಾಯಿಯ ಗಾಳಿ ಗುಡುಗನ್ನು ಬಹುತೇಕ ಹಾಗೆಯೇ ಒಳಗೆ ಬಿಡುತ್ತದೆ. ತಲೆಗೆ ಬಿಗಿಯಾಗಿ ಕೂರುವ, ವೈಸರ್ ಸರಿಯಾಗಿ ಮುಚ್ಚುವ ಹೆಲ್ಮೆಟ್ಟಿನಲ್ಲಿ ಸದ್ದು ಕಡಿಮೆ. ಅರ್ಧ ತಲೆ ಮುಚ್ಚುವ ಹೆಲ್ಮೆಟ್ಟಿನಲ್ಲಿ ಆ ಲಾಭವೂ ಇಲ್ಲ. ಮುಂದಿನ ಗಾಳಿತಡೆ ಗಾಜು ಕೆಲವೊಮ್ಮೆ ಉಲ್ಟಾ ಪರಿಣಾಮ ಮಾಡುವುದುಂಟು: ಅದರ ಮೇಲಂಚಿನಿಂದ ಏಳುವ ಸುಳಿಗಾಳಿ ನೇರ ಹೆಲ್ಮೆಟ್ಟಿಗೆ ಬಡಿದರೆ ಗಾಜೇ ಇಲ್ಲದಿರುವುದಕ್ಕಿಂತ ಹೆಚ್ಚು ಸದ್ದಾಗುತ್ತದೆ. ಅದರ ಎತ್ತರವನ್ನು ಸವಾರನ ಎತ್ತರಕ್ಕೆ ಹೊಂದಿಸಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಹೆದ್ದಾರಿ ವೇಗದಲ್ಲಿ ಉಳಿಯುವ ಸದ್ದು ಅಪಾಯದ ಗೆರೆಯ ಮೇಲೆಯೇ ಇರುತ್ತದೆ. ಅದಕ್ಕೆ ಪರಿಹಾರ ಕಿವಿಯೊಳಗೇ ಕೂರುವ ಇಯರ್‌ಪ್ಲಗ್. ಮೋಟೋಜಿಪಿ ರೇಸಿನ ಸವಾರರು ಇದನ್ನು ಹಾಕಿಕೊಂಡೇ ಟ್ರ್ಯಾಕಿಗೆ ಇಳಿಯುತ್ತಾರೆ.

ಯಾವುದನ್ನು ಆರಿಸಬೇಕು?

ಎಲ್ಲಕ್ಕಿಂತ ಅಗ್ಗದ್ದು ಸ್ಪಂಜಿನ ಪ್ಲಗ್. 1967ರಲ್ಲಿ ಅಮೆರಿಕದ ರಾಸ್ ಗಾರ್ಡ್‌ನರ್ ಮತ್ತು ಸಂಗಡಿಗರು ಬೇರೊಂದು ಕೆಲಸಕ್ಕೆಂದು ರಾಳವನ್ನು ಪರೀಕ್ಷಿಸುತ್ತಿದ್ದಾಗ, ಹಿಸುಕಿದರೆ ನಿಧಾನವಾಗಿ ಮೂಲ ಆಕಾರಕ್ಕೆ ಮರಳುವ ಈ ವಸ್ತು ಕೈಗೆ ಸಿಕ್ಕಿತು. ಹೊಸೆದು ಕಿವಿಯೊಳಗಿಟ್ಟರೆ ಅದು ಹಿಗ್ಗಿ ಕಿವಿಯ ಕಾಲುವೆಯನ್ನು ತುಂಬಿಕೊಳ್ಳುತ್ತದೆ. ಸರಿಯಾಗಿ ಒಳಗೆ ಕೂತಾಗ ತಗ್ಗು ಸ್ಥಾಯಿಯ ಗಾಳಿ ಸದ್ದನ್ನೂ ಚೆನ್ನಾಗಿ ತಡೆಯುವುದರಿಂದ ದೂರದ ಹೆದ್ದಾರಿ ಪ್ರಯಾಣಕ್ಕೆ ಇದೇ ಉತ್ತಮ ಆಯ್ಕೆ. ಮೃದುವಾದ, ಚಪ್ಪಟೆ ತಳದ, ಕಿವಿಯಿಂದ ಹೊರಚಾಚದ ಪ್ಲಗ್ ಕೊಳ್ಳಬೇಕು; ಚಾಚಿಕೊಂಡಿದ್ದರೆ ಹೆಲ್ಮೆಟ್ ತಾಗಿ ನೋಯುತ್ತದೆ. ಕಿವಿಯ ಕಾಲುವೆ ಕಿರಿದಾಗಿರುವವರಿಗೆ, ಅದರಲ್ಲೂ ಅನೇಕ ಮಹಿಳೆಯರಿಗೆ, ಚಿಕ್ಕ ಅಳತೆಯದೇ ಬೇಕು.

ಎರಡನೆಯದು ಸಿಲಿಕೋನಿನ ಫಿಲ್ಟರ್ ಪ್ಲಗ್. ಇದರ ನಡುವೆ ಸಣ್ಣ ರಂಧ್ರವೂ ಸದ್ದನ್ನು ಸೋಸುವ ಪೊರೆಯೂ ಇರುತ್ತವೆ. ಸಂಗೀತಗಾರರಿಗಾಗಿ 1988ರಲ್ಲಿ ಅಮೆರಿಕದ ಎಟಿಮೋಟಿಕ್ ಕಂಪನಿ ತಂದ ಪ್ಲಗ್ ಇದರ ಹಿರಿಯ. ಸದ್ದು ಎಲ್ಲ ಸ್ಥಾಯಿಗಳಲ್ಲೂ ಹೆಚ್ಚುಕಡಿಮೆ ಸಮನಾಗಿ ತಗ್ಗುವುದರಿಂದ ಮಾತು, ಹಾರ್ನ್ ಸ್ಪಷ್ಟವಾಗಿಯೇ ಉಳಿಯುತ್ತವೆ. ನಗರದ ಟ್ರಾಫಿಕ್ಕಿನಲ್ಲಿ ಇಡೀ ದಿನ ಓಡಾಡುವ ಡೆಲಿವರಿ ಹುಡುಗರಿಗೆ, ಮಧ್ಯಮ ವೇಗದ ಪ್ರಯಾಣಕ್ಕೆ ಇದು ಒಗ್ಗುತ್ತದೆ. ತೊಳೆದು ತಿಂಗಳುಗಟ್ಟಲೆ ಬಳಸಬಹುದು. ಗಾಳಿಯ ತಗ್ಗು ಸದ್ದನ್ನು ತಡೆಯುವುದರಲ್ಲಿ ಮಾತ್ರ ಇವುಗಳಲ್ಲಿ ಹಲವು ಸ್ಪಂಜಿಗಿಂತ ಹಿಂದೆ.

ಮೂರನೆಯದು ಕಿವಿಯ ಅಚ್ಚು ತೆಗೆದು ಮಾಡಿಸುವ ಪ್ಲಗ್. ಶ್ರವಣತಜ್ಞರು ಕಿವಿಯೊಳಗೆ ಅಚ್ಚಿನ ವಸ್ತು ತುಂಬಿ ಆಕಾರ ತೆಗೆದುಕೊಳ್ಳುತ್ತಾರೆ. ಬೆಲೆ ಸಾವಿರಗಟ್ಟಲೆ ರೂಪಾಯಿ ಆದರೂ ದಿನಗಟ್ಟಲೆ ಸವಾರಿ ಮಾಡುವವರಿಗೆ, ಮಾಮೂಲಿ ಪ್ಲಗ್ ನಿಲ್ಲದವರಿಗೆ ಇದು ಹಿತ. ಅಚ್ಚು ತೆಗೆಯುವಾಗ ಬಾಯಿ ತೆರೆದು ಮುಚ್ಚಿ ನೋಡಬೇಕು, ಏಕೆಂದರೆ ದವಡೆ ಆಡಿದಾಗ ಕಿವಿಯ ಕಾಲುವೆಯ ಆಕಾರವೂ ಬದಲಾಗುತ್ತದೆ.

ಹತ್ತಿಯನ್ನು ನಂಬಬಾರದು, ಅದು ಸದ್ದನ್ನು ತಡೆಯುವುದು ತೀರಾ ಅಲ್ಪ. ಹಾಡು ಕೇಳುವ ಇಯರ್‌ಬಡ್ ರಕ್ಷಣಾ ಸಾಧನವಲ್ಲ. ಗಾಳಿಯ ಸದ್ದನ್ನು ಮೀರಿಸಲು ಸವಾರ ವಾಲ್ಯೂಮ್ ಏರಿಸುತ್ತ ಹೋದರೆ ಕಿವಿಗೆ ಎರಡು ಕಡೆಯಿಂದ ಹೊಡೆತ.

ಪ್ಯಾಕೆಟ್ ಮೇಲಿನ ಅಂಕಿಯನ್ನು ಓದುವ ಕ್ರಮವೂ ತಿಳಿದಿರಬೇಕು. ಅಮೆರಿಕದ ಪದ್ಧತಿಯಲ್ಲಿ ಅದು ಎನ್‌ಆರ್‌ಆರ್, ಯುರೋಪಿನಲ್ಲಿ ಎಸ್‌ಎನ್‌ಆರ್. ಒಂದೇ ಪ್ಲಗ್ಗಿಗೆ ಎಸ್‌ಎನ್‌ಆರ್ ಅಂಕಿ ಸಾಮಾನ್ಯವಾಗಿ ಕೆಲವು ಡೆಸಿಬೆಲ್ ಹೆಚ್ಚಿರುತ್ತದೆ, ಆದ್ದರಿಂದ ಇವೆರಡನ್ನು ನೇರವಾಗಿ ಹೋಲಿಸಬಾರದು. ಈ ಅಂಕಿಗಳು ಪ್ರಯೋಗಾಲಯದವು. ನಿತ್ಯದ ಬಳಕೆಯಲ್ಲಿ ಅಷ್ಟು ಸಿಗುವುದಿಲ್ಲವಾದ್ದರಿಂದ ಅಮೆರಿಕದ ಕಾರ್ಖಾನೆಗಳಲ್ಲಿ ಎನ್‌ಆರ್‌ಆರ್‌ನಿಂದ 7 ಕಳೆದು ಉಳಿದದ್ದನ್ನು ಅರ್ಧ ಮಾಡುವ ರೂಢಿಯಿದೆ. 33 ಎಂದು ಬರೆದಿದ್ದರೆ 13 ಎಂದು ನಂಬುವುದು ಕ್ಷೇಮ. ಆ 13 ಡೆಸಿಬೆಲ್ ಕೂಡ ಸಣ್ಣದೇನಲ್ಲ: 100 ಡೆಸಿಬೆಲ್ ಸದ್ದು 87ಕ್ಕೆ ಇಳಿದರೆ 15 ನಿಮಿಷದ ಸುರಕ್ಷಿತ ಅವಧಿ ಸುಮಾರು 5 ಗಂಟೆಗೆ ಏರುತ್ತದೆ.

ಹಾಕಿಕೊಳ್ಳುವ ಬಗೆ

ದುಬಾರಿ ಪ್ಲಗ್ಗನ್ನು ಅರ್ಧ ತುರುಕುವುದಕ್ಕಿಂತ ಅಗ್ಗದ ಪ್ಲಗ್ಗನ್ನು ಸರಿಯಾಗಿ ಕೂರಿಸುವುದು ಮೇಲು. ಸ್ವಚ್ಛ ಕೈಯಲ್ಲಿ ಸ್ಪಂಜನ್ನು ಸುಕ್ಕಿಲ್ಲದಂತೆ ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದರೆ ಡೊಂಕಾದ ಕಾಲುವೆ ನೇರವಾಗುತ್ತದೆ. ಆಗ ಪ್ಲಗ್ಗನ್ನು ಒಳಗಿಟ್ಟು ಅದು ಹಿಗ್ಗುವವರೆಗೆ, ಸುಮಾರು ಅರ್ಧ ನಿಮಿಷ, ಬೆರಳಿನಿಂದ ಒತ್ತಿಹಿಡಿಯಬೇಕು. ಎರಡೂ ಅಂಗೈಗಳಿಂದ ಕಿವಿ ಮುಚ್ಚಿ ತೆರೆದಾಗ ಹೊರಗಿನ ಸದ್ದಿನಲ್ಲಿ ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಪ್ಲಗ್ ಸರಿಯಾಗಿ ಕೂತಿದೆ ಎಂದರ್ಥ. ಇದೆಲ್ಲ ಹೆಲ್ಮೆಟ್ ಹಾಕುವ ಮೊದಲೇ ಆಗಬೇಕು. ತೆಗೆಯುವಾಗ ಸರಕ್ಕನೆ ಎಳೆಯದೆ ಮೆಲ್ಲಗೆ ತಿರುಗಿಸುತ್ತ ತೆಗೆಯಬೇಕು.

‘ಪ್ಲಗ್ ಹಾಕಿದರೆ ಹಿಂದಿನ ಲಾರಿಯ ಹಾರ್ನ್ ಕೇಳಿಸುವುದೇ?’ ಇದು ಹೆಚ್ಚಿನ ಸವಾರರನ್ನು ಹಿಂಜರಿಸುವ ಪ್ರಶ್ನೆ. ಪ್ಲಗ್ ಗಾಳಿಯ ಸದ್ದನ್ನೂ ಹಾರ್ನ್ ಸದ್ದನ್ನೂ ಒಟ್ಟಿಗೇ ತಗ್ಗಿಸುವುದರಿಂದ ಅವೆರಡರ ನಡುವಿನ ಅಂತರ ಹೆಚ್ಚು ಬದಲಾಗುವುದಿಲ್ಲ. ಮಿತಿಮೀರಿದ ಸದ್ದಿಗೆ ಮಂಕಾಗಿದ್ದ ಒಳಕಿವಿಗೆ ಹೊರೆ ಇಳಿದಾಗ, ಗದ್ದಲದ ನಡುವಿನ ಸೂಚನೆಯನ್ನು ಬೇರ್ಪಡಿಸುವುದು ಸುಲಭವೂ ಆಗಬಹುದು. ಈ ಮಾತು ಜೋರು ಸದ್ದಿರುವ ಹೆದ್ದಾರಿಗೆ, ಕಿವಿ ಚೆನ್ನಾಗಿರುವವರಿಗೆ ಸಲ್ಲುತ್ತದೆ. ಸದ್ದು ಕಡಿಮೆಯಿರುವ ಊರ ಬೀದಿಯಲ್ಲಿ ಭಾರೀ ಪ್ಲಗ್ ಹಾಕಿದರೆ ಬೇಕಾದದ್ದೂ ಕೇಳಿಸದೆ ಹೋದೀತು. ಈಗಾಗಲೇ ಕೇಳಿಸುವುದು ಕಡಿಮೆಯಾಗಿರುವವರು ತಜ್ಞರನ್ನು ಕೇಳಿಯೇ ಆರಿಸಬೇಕು. ಯಾರೇ ಆದರೂ ಕನ್ನಡಿ ನೋಡುವ ಅಭ್ಯಾಸವನ್ನು ಬಿಡಬಾರದು.

ಕಿವಿ ಸೋರುತ್ತಿದ್ದರೆ, ತಮಟೆಯಲ್ಲಿ ತೂತಿದ್ದರೆ, ನೋವಿದ್ದರೆ ವೈದ್ಯರು ಒಪ್ಪುವ ತನಕ ಪ್ಲಗ್ ಬೇಡ. ಗುಗ್ಗೆ ಹೆಚ್ಚಿರುವವರು ಮೊದಲು ಅದನ್ನು ವೈದ್ಯರಿಂದ ತೆಗೆಸಿಕೊಳ್ಳಬೇಕು, ಇಲ್ಲದಿದ್ದರೆ ಪ್ಲಗ್ ಅದನ್ನು ಇನ್ನೂ ಒಳಗೆ ದೂಡುತ್ತದೆ. ಕೊಳೆಯಾದ, ಗಡುಸಾದ ಸ್ಪಂಜನ್ನು ಎಸೆದುಬಿಡಬೇಕು.

ಕಿವಿ ಪರೀಕ್ಷೆಗೆ ಕರ್ನಾಟಕದ ಸವಾರರು ದೂರ ಹೋಗಬೇಕಿಲ್ಲ. 1960ರ ದಶಕದಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದದ್ದು. ಮಾನಸಗಂಗೋತ್ರಿಯ ಅದರ ಆವರಣದಲ್ಲಿ ಶ್ರವಣ ಪರೀಕ್ಷೆ ನಡೆಯುತ್ತದೆ. ವಾರವಾರವೂ ದೂರದ ಸವಾರಿ ಹೋಗುವವರು ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಿಕೊಂಡರೆ ಹಾನಿ ಮಾತಿನ ಸ್ಥಾಯಿಗೆ ಹಬ್ಬುವ ಮೊದಲೇ ತಿಳಿಯುತ್ತದೆ.

ಜಾಕೆಟ್, ಕೈಗವಸು, ಮೊಣಕಾಲಿನ ಕವಚಕ್ಕೆ ಸಾವಿರಾರು ರೂಪಾಯಿ ಸುರಿಯುವ ಸವಾರರು ಈ ಪಟ್ಟಿಗೆ ಕೆಲವೇ ರೂಪಾಯಿಯ ಒಂದು ಜೊತೆ ಇಯರ್‌ಪ್ಲಗ್ ಸೇರಿಸಿಕೊಳ್ಳಲಿ. ಬೈಕ್ ಕೀಲಿಯ ಜೊತೆಗೇ ಅದರ ಪುಟ್ಟ ಡಬ್ಬಿಯನ್ನು ತೂಗುಹಾಕಿದರೆ ಮರೆಯುವ ಪ್ರಶ್ನೆ ಬರುವುದಿಲ್ಲ. ಮುಂದಿನ ಬಾರಿ ಹೆದ್ದಾರಿಗೆ ಇಳಿಯುವ ಮುನ್ನ, ಹೆಲ್ಮೆಟ್ ಕೈಗೆತ್ತಿಕೊಳ್ಳುವ ಮೊದಲು, ಅರ್ಧ ನಿಮಿಷವನ್ನು ಕಿವಿಗಾಗಿ ಎತ್ತಿಡಿ. ಹಿಂದೆ ಕೂರುವವರಿಗೂ ಒಂದು ಜೊತೆ ಕೊಡಿ. ಅದೇ ಗಾಳಿ ಅವರ ಕಿವಿಗೂ ಬಡಿಯುತ್ತದೆ.